ಹೊರಗೋಡೆಯ ಗಾರೆ ಕೆಟ್ಟಾಗ: ಬಿರುಕು, ಟೊಳ್ಳು, ಪುಡಿಗೆ ಕಾರಣ ಹುಡುಕುವ ಬಗೆ

ಹೊರಗೋಡೆಯ ಗಾರೆ ಬಿರುಕು ಬಿಟ್ಟರೆ ಮೊದಲ ದೂರು ಸಿಮೆಂಟಿನ ಮೇಲೆ. ಮುಂದಿನ ಸಲ ಸಿಮೆಂಟ್ ಜಾಸ್ತಿ ಹಾಕಿ ಕಲಸುತ್ತಾರೆ, ಬಿರುಕು ಇನ್ನಷ್ಟು ಹೆಚ್ಚುತ್ತದೆ. ಚೀಲದ ಸಿಮೆಂಟೇ ಕೆಟ್ಟಿರುವುದು ಅಪರೂಪ. ಬಹುಪಾಲು ದೋಷಗಳ ಬೇರು ಇರುವುದು ಮರಳಿನಲ್ಲಿ, ಮರಳನ್ನು ಅಳೆದ ರೀತಿಯಲ್ಲಿ, ಕಲಸುವಾಗ ಸುರಿದ ನೀರಿನಲ್ಲಿ, ಇಲ್ಲವೇ ಗಾರೆ ಬಳಿಯುವ ಮೊದಲು ಗೋಡೆ ಇದ್ದ ಸ್ಥಿತಿಯಲ್ಲಿ. ಆದ್ದರಿಂದ ಮೊದಲು ಗೋಡೆ ಏನು ಹೇಳುತ್ತಿದೆ ನೋಡಿ, ಆಮೇಲೆ ಮಿಶ್ರಣಕ್ಕೆ ಕೈ ಹಾಕಿ.

ಇಲ್ಲಿ ಗಾರೆ ಎಂದರೆ ಸಿಮೆಂಟ್, ಮರಳು, ಬೇಕಿದ್ದರೆ ಅರಳಿದ ಸುಣ್ಣ ಸೇರಿಸಿ ಕಲಸಿ, ಹೊರಗೋಡೆಗೆ ಎರಡು ಪದರವಾಗಿ ಒಟ್ಟು 18ರಿಂದ 20 ಮಿ.ಮೀ. ದಪ್ಪಕ್ಕೆ ಬಳಿಯುವಂಥದ್ದು.

ಗೋಡೆಯ ಮೇಲೆ ಮೊದಲ ತಪಾಸಣೆ

ಒಂದು ಸಣ್ಣ ಸುತ್ತಿಗೆಯ ಹಿಡಿ ಅಥವಾ ದಪ್ಪ ನಾಣ್ಯದಿಂದ ಗೋಡೆಯನ್ನು ಒಂದು ಅಡಿ ಅಂತರದಲ್ಲಿ ಸಾಲಾಗಿ ತಟ್ಟುತ್ತಾ ಹೋಗಿ. ಗಟ್ಟಿ ಜಾಗದಲ್ಲಿ ಚುರುಕಾದ, ಮೊಟಕು ಸದ್ದು ಬರುತ್ತದೆ. ಬಿಟ್ಟುಕೊಂಡ ಜಾಗದಲ್ಲಿ ಖಾಲಿ ಡಬ್ಬಿ ತಟ್ಟಿದ ಹಾಗೆ ಟೊಳ್ಳು ಸದ್ದು. ಟೊಳ್ಳು ಸಿಕ್ಕಲ್ಲೆಲ್ಲ ಸೀಮೆಸುಣ್ಣದಿಂದ ಗೆರೆ ಎಳೆದು ಸುತ್ತು ಹಾಕಿ. ಇಡೀ ಗೋಡೆ ಮುಗಿದ ಮೇಲೆ ಸ್ವಲ್ಪ ದೂರ ನಿಂತು ಆ ಗುರುತುಗಳನ್ನು ನೋಡಿ. ಟೊಳ್ಳು ಕಾಂಕ್ರೀಟ್ ಕಂಬ, ತೊಲೆಗಳ ಮೇಲಷ್ಟೇ ಇದ್ದರೆ ಮಿಶ್ರಣದ ತಪ್ಪಲ್ಲ, ನುಣುಪು ಕಾಂಕ್ರೀಟಿಗೆ ಗಾರೆ ಹಿಡಿದಿಲ್ಲ. ಒಂದು ದಿನದ ಕೆಲಸ ನಿಂತ ಗೆರೆಯಿಂದ ಆಚೆಗೆಲ್ಲ ಟೊಳ್ಳಿದ್ದರೆ ಆ ದಿನದ ಗಾರೆಯನ್ನೋ ಆ ದಿನ ಗೋಡೆ ನೆನೆಸಿದ ರೀತಿಯನ್ನೋ ಸಂಶಯಿಸಬೇಕು. ಬಿಸಿಲು ನೇರ ಬೀಳುವ ಗೋಡೆಯಲ್ಲಿ ಮಾತ್ರ ದೋಷ, ನೆರಳಿನ ಗೋಡೆ ಚೆನ್ನಾಗಿದೆ ಅಂದರೆ ಬಳಿದ ಮೇಲೆ ನೀರುಣಿಸಿದ್ದು, ಅಂದರೆ ಗಾರೆಯನ್ನು ಕೆಲವು ದಿನ ಒದ್ದೆಯಾಗಿಟ್ಟದ್ದು, ಸಾಲದು.

ಮುಂದಿನದು ಇನ್ನೂ ಮುಖ್ಯ, ಆದರೂ ಹೆಚ್ಚಿನವರು ಬಿಡುವ ಹೆಜ್ಜೆ. ಟೊಳ್ಳು ಜಾಗದಿಂದ ಅಂಗೈಯಷ್ಟು ತುಂಡನ್ನು ಉಳಿಯಿಂದ ಎಬ್ಬಿಸಿ ಅದರ ಬೆನ್ನು ನೋಡಿ. ಕಾರಣದ ಅರ್ಧ ಅಲ್ಲೇ ಬರೆದಿರುತ್ತದೆ.

ಬೆನ್ನು ಕನ್ನಡಿಯಂತೆ ನುಣುಪಾಗಿದ್ದರೆ ಗೋಡೆಗೆ ಹಲ್ಲು ಇರಲಿಲ್ಲ, ಗಾರೆ ಕಚ್ಚಿಕೊಳ್ಳಲು ಒರಟು ಸಿಗಲಿಲ್ಲ. ಬೆನ್ನಿಗೆ ಬೆರಳಾಡಿಸಿದರೆ ಮಣ್ಣಿನ ಪುಡಿ ಹತ್ತಿದರೆ ಧೂಳು ಗುಡಿಸದೆ ಬಳಿದಿದ್ದಾರೆ. ಬೆನ್ನಿನ ಒಂದೆರಡು ಮಿ.ಮೀ. ಮಾತ್ರ ಹಿಟ್ಟಿನಂತೆ ಉದುರಿ, ಮೇಲಿನ ಭಾಗ ಗಟ್ಟಿಯಾಗಿದ್ದರೆ ಒಣ ಇಟ್ಟಿಗೆ ಗಾರೆಯ ನೀರನ್ನು ಹೀರಿಕೊಂಡಿದೆ. ಅಲ್ಲಿನ ಸಿಮೆಂಟಿಗೆ ಗಟ್ಟಿಯಾಗಲು ನೀರೇ ಉಳಿಯಲಿಲ್ಲ. ಇಟ್ಟಿಗೆಯ ಸಿಪ್ಪೆ ಗಾರೆಗೇ ಅಂಟಿಕೊಂಡು ಬಂದರೆ ಹಿಡಿತ ಚೆನ್ನಾಗಿತ್ತು, ಆದರೆ ಗಾರೆ ಗೋಡೆಗಿಂತ ಬಲವಾಗಿ, ಕುಗ್ಗುವಾಗ ಇಟ್ಟಿಗೆಯ ಮೈಯನ್ನೇ ಕಿತ್ತಿದೆ ಎಂದರ್ಥ. ತುಂಡು ಎರಡು ಪದರದ ನಡುವೆ ಸೀಳಿಕೊಂಡರೆ ಮೊದಲ ಪದರಕ್ಕೆ ಗೀರು ಹಾಕಿಲ್ಲ, ಅಥವಾ ಅದು ಪೂರ್ತಿ ಒಣಗಿ ಧೂಳು ಹಿಡಿದ ಮೇಲೆ ಎರಡನೆಯದನ್ನು ಬಳಿದಿದ್ದಾರೆ.

ಆಮೇಲೆ ಮೊಳೆ ಪರೀಕ್ಷೆ. ಬಳಿದು ಏಳು ದಿನವಾದರೂ ಆಗಿರುವ ಗಾರೆಯ ಮೇಲೆ ಉಕ್ಕಿನ ಮೊಳೆಯನ್ನು ಮಧ್ಯಮ ಒತ್ತಡದಲ್ಲಿ ಒಂದೇ ಗೆರೆಯಲ್ಲಿ ಆರು ಸಲ ಎಳೆಯಿರಿ. ಬಿಳಿ ಗೀರು ಮಾತ್ರ ಬಿದ್ದರೆ ಗಟ್ಟಿ. ಕಾಲುವೆ ತೋಡಿ ಮರಳು ಸುರಿದರೆ ದುರ್ಬಲ. ಮೊದಲ ಎರಡು ಎಳೆತಕ್ಕೆ ಮೇಲ್ಪದರ ಸಿಪ್ಪೆಯಂತೆ ಎದ್ದು ಕೆಳಗೆ ಗಟ್ಟಿ ಸಿಕ್ಕರೆ ತಪ್ಪು ಉಜ್ಜುವ ಕೆಲಸದ್ದು.

ಇನ್ನೊಂದು ಲೆಕ್ಕವೂ ಕೈಯಲ್ಲಿರಲಿ. 1:5 ಗಾರೆ (ಒಂದು ಪಾಲು ಸಿಮೆಂಟಿಗೆ ಐದು ಪಾಲು ಮರಳು) 12 ಮಿ.ಮೀ. ದಪ್ಪಕ್ಕೆ ಇಟ್ಟಿಗೆ ಗೋಡೆಯ ಮೇಲೆ 50 ಕಿಲೋ ಸಿಮೆಂಟ್ ಚೀಲವೊಂದಕ್ಕೆ ಸುಮಾರು 10ರಿಂದ 11 ಚದರ ಮೀಟರ್ ಬರುತ್ತದೆ. ಸಂದುಗಳಿಗೆ ಹೋಗುವುದು, ಕೆಳಗೆ ಬೀಳುವುದು ಎಲ್ಲ ಸೇರಿ. ಬಳಸಿದ ಚೀಲಗಳ ಎಣಿಕೆ ಸಿಕ್ಕರೆ ಗೋಡೆಯ ವಿಸ್ತೀರ್ಣವನ್ನು ಅದರಿಂದ ಭಾಗಿಸಿ. ಚೀಲಕ್ಕೆ 15 ಚದರ ಮೀಟರ್ ಬಂದಿದ್ದರೆ ಗಾರೆ ತೆಳುವಾಗಿದೆ, ಇಲ್ಲವೇ ಸಿಮೆಂಟ್ ಕಡಿಮೆಯಾಗಿದೆ. ಕಿತ್ತ ತುಂಡಿನ ದಪ್ಪ ಅಳೆದರೆ ಯಾವುದೆಂದು ಗೊತ್ತಾಗುತ್ತದೆ.

ಮರಳು: ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ

ಒದ್ದೆ ಮರಳು ಉಬ್ಬುತ್ತದೆ. ಕಣಗಳ ಸುತ್ತ ನೀರಿನ ತೆಳು ಪೊರೆ ನಿಂತು ಒಂದನ್ನೊಂದು ದೂರ ತಳ್ಳುವುದರಿಂದ, ತೂಕದಲ್ಲಿ 4ರಿಂದ 6 ಶೇಕಡ ತೇವ ಇರುವ ಮರಳು ಒಣ ಮರಳಿಗಿಂತ 20ರಿಂದ 30 ಶೇಕಡ ಹೆಚ್ಚು ಜಾಗ ಹಿಡಿಯುತ್ತದೆ. ತೀರಾ ಸಣ್ಣ ಮರಳು ಇನ್ನೂ ಹೆಚ್ಚು. ನೀರು ಮತ್ತಷ್ಟು ಸೇರಿ ಮರಳು ಪೂರ್ತಿ ಮುಳುಗಿದರೆ ಉಬ್ಬು ಇಳಿದು ಒಣ ಮರಳಿನಷ್ಟೇ ಆಗುತ್ತದೆ.

ಇದರ ಪರಿಣಾಮ ಗೋಡೆಯ ಮೇಲೆ ನೇರವಾಗಿ ಕಾಣುತ್ತದೆ. 1:5 ಎಂದು ಹೇಳಿ ಒಂದು ಪೆಟ್ಟಿಗೆ ಸಿಮೆಂಟಿಗೆ ಐದು ಪೆಟ್ಟಿಗೆ ತೇವದ ಮರಳು ಹಾಕಿದ್ದೀರಿ ಎನ್ನಿ. ಉಬ್ಬು 25 ಶೇಕಡ ಇದ್ದರೆ ಆ ಐದು ಪೆಟ್ಟಿಗೆಯೊಳಗೆ ನಿಜವಾಗಿ ಇರುವುದು ನಾಲ್ಕು ಪೆಟ್ಟಿಗೆ ಮರಳು. ಕೈಯಲ್ಲಿರುವುದು 1:4. ರಾಶಿಯ ಮೇಲ್ಭಾಗ ಬಿಸಿಲಿಗೆ ಒಣಗಿ ಒಳಭಾಗ ತೇವವಾಗಿದ್ದರೆ ಬೆಳಗಿನ ಗಾರೆಯೂ ಮಧ್ಯಾಹ್ನದ ಗಾರೆಯೂ ಬೇರೆ ಬೇರೆ. ಒಂದೇ ಗೋಡೆಯಲ್ಲಿ ಒಂದು ಪಟ್ಟೆ ಬಿರುಕು ಬಿಟ್ಟು ಪಕ್ಕದ್ದು ಸರಿಯಾಗಿರುವುದಕ್ಕೆ ಇದಕ್ಕಿಂತ ಸಾಮಾನ್ಯ ಕಾರಣ ಇನ್ನೊಂದಿಲ್ಲ.

ಅಳೆಯುವುದು ಸುಲಭ. ನೇರ ಬದಿಗಳಿರುವ ಪಾತ್ರೆಯಲ್ಲಿ ಮೂರನೇ ಎರಡು ಭಾಗದಷ್ಟು ತೇವದ ಮರಳು ಸಡಿಲವಾಗಿ ತುಂಬಿ, ಮಟ್ಟ ಮಾಡಿ, ಎತ್ತರ ಅಳೆಯಿರಿ. ಮರಳನ್ನು ಹೊರಗೆ ತೆಗೆದು, ಪಾತ್ರೆಗೆ ಅರ್ಧ ನೀರು ತುಂಬಿ, ಮರಳನ್ನು ಸ್ವಲ್ಪ ಸ್ವಲ್ಪವಾಗಿ ಅದೇ ನೀರಿಗೆ ಹಾಕುತ್ತಾ ಕಡ್ಡಿಯಿಂದ ಕಲಕಿ. ತಳ ಸೇರಿದ ಮರಳಿನ ಎತ್ತರ ಮತ್ತೆ ಅಳೆಯಿರಿ. ಮೊದಲು 20 ಸೆಂ.ಮೀ. ಇದ್ದದ್ದು ಈಗ 16 ಆಗಿದ್ದರೆ ವ್ಯತ್ಯಾಸ 4. ಅದನ್ನು 16ರಿಂದ ಭಾಗಿಸಿದರೆ 25 ಶೇಕಡ ಉಬ್ಬು. ಅಂದರೆ ಐದು ಪೆಟ್ಟಿಗೆ ಬೇಕಾದಲ್ಲಿ ಆರೂಕಾಲು ಪೆಟ್ಟಿಗೆ ಹಾಕಬೇಕು. ದಿನಕ್ಕೊಮ್ಮೆ, ಮಳೆ ಬಂದರೆ ಇನ್ನೊಮ್ಮೆ ನೋಡಿದರೆ ಸಾಕು.

ಎರಡನೆಯದು ಹೂಳು. ಉದ್ದ ಗಾಜಿನ ಲೋಟ ಅಥವಾ ಬಾಟಲಿಗೆ ಚಿಟಿಕೆ ಉಪ್ಪು ಕದಡಿದ ನೀರು ಹಾಕಿ, ಅರ್ಧ ಎತ್ತರಕ್ಕೆ ಮರಳು ತುಂಬಿ, ಮತ್ತೆ ಉಪ್ಪುನೀರು ಸುರಿದು ಚೆನ್ನಾಗಿ ಕುಲುಕಿ ಮೂರು ಗಂಟೆ ಅಲುಗಿಸದೆ ಇಡಿ. ಮರಳಿನ ಮೇಲೆ ಮೆತ್ತನೆಯ ಪದರ ಕೂರುತ್ತದೆ. ಅದು ಮರಳಿನ ಎತ್ತರದ 8 ಶೇಕಡ ಮೀರಿದರೆ ತೊಳೆಯದೆ ಬಳಸಬೇಡಿ. ಜೇಡಿಮಣ್ಣು ಇದ್ದ ಗಾರೆ ಬಳಿಯುವಾಗ ಬೆಣ್ಣೆಯಂತೆ ಹಾಯಾಗಿ ಹರಡುತ್ತದೆ, ಅದಕ್ಕೇ ಕೆಲವರಿಗೆ ಅದು ಇಷ್ಟ. ಆದರೆ ಮಣ್ಣು ನೀರು ಕುಡಿದು ಹಿಗ್ಗಿ, ಒಣಗುವಾಗ ಕುಗ್ಗುತ್ತದೆ. ಮರಳಿನ ಕಣಕ್ಕೂ ಸಿಮೆಂಟಿಗೂ ನಡುವೆ ಪೊರೆಯಾಗಿ ನಿಂತು ಹಿಡಿತ ಕೆಡಿಸುತ್ತದೆ. ಉಪ್ಪು ಪರೀಕ್ಷೆಯ ಬಾಟಲಿಗಷ್ಟೇ. ಗಾರೆ ಕಲಸುವ ನೀರಿಗೆ ಎಂದೂ ಬೇಡ.

ಮೂರನೆಯದು ಕಣಗಳ ಗಾತ್ರ. ಎಲ್ಲ ಕಣಗಳೂ ಒಂದೇ ಗಾತ್ರದ್ದಾದರೆ ಅವುಗಳ ನಡುವೆ ಖಾಲಿ ಜಾಗ ಹೆಚ್ಚು, ಅದನ್ನು ತುಂಬಲು ಸಿಮೆಂಟೂ ನೀರೂ ಹೆಚ್ಚು ಬೇಕು, ಕುಗ್ಗುವಿಕೆಯೂ ಹೆಚ್ಚು. ದಪ್ಪ, ನಡುವಣ, ಸಣ್ಣ ಕಣಗಳು ಕೂಡಿದ ಮರಳೇ ಒಳ್ಳೆಯದು. ಖಾಲಿ ಜಾಗ ಎಷ್ಟಿದೆ ಎಂದು ತಿಳಿಯಲು ಒಂದು ಲೀಟರ್ ಪೂರ್ತಿ ಒಣಗಿದ ಮರಳನ್ನು ತಟ್ಟಿ ತುಂಬಿ, ಮೇಲ್ಮೈಗೆ ನೀರು ಬರುವ ತನಕ ನಿಧಾನವಾಗಿ ಸುರಿಯಿರಿ. 330 ಮಿ.ಲೀ. ಆಸುಪಾಸು ಹಿಡಿದರೆ ಮರಳು ಚೆನ್ನಾಗಿದೆ. ಮೂರು ಪಾಲು ಮರಳಿಗೆ ಒಂದು ಪಾಲು ಬಂಧಕ, ಅಂದರೆ ಸಿಮೆಂಟ್ ಮತ್ತು ಸುಣ್ಣ ಎರಡೂ ಸೇರಿ ಒಂದು ಪಾಲು, ಎಂಬ ಹಳೆಯ ಅಳತೆ ಹುಟ್ಟಿದ್ದೇ ಈ ಖಾಲಿ ಜಾಗದಿಂದ. 400 ದಾಟಿದರೆ ಮರಳು ಒಂದೇ ಗಾತ್ರದ್ದು. ಸ್ವಲ್ಪ ದಪ್ಪ ಮರಳು ಬೆರೆಸಿ ಮತ್ತೆ ನೋಡಿ. ಮೊದಲ ಪದರಕ್ಕೆ 4.75 ಮಿ.ಮೀ. ಜರಡಿಯಲ್ಲಿ, ಮೇಲಿನ ಪದರಕ್ಕೆ 2.36 ಮಿ.ಮೀ. ಜರಡಿಯಲ್ಲಿ ಸೋಸಿದ್ದು ಸಾಕು. ಕಲ್ಲು ಪುಡಿ ಮಾಡಿ ತಯಾರಿಸಿದ ಎಂ-ಸ್ಯಾಂಡ್ ಆದರೆ ಅದರ ಹಿಟ್ಟಿನಂಥ ಧೂಳನ್ನು ವಿಶೇಷವಾಗಿ ಗಮನಿಸಿ. ಕಾಂಕ್ರೀಟಿಗೆ ಬರುವ ಎಂ-ಸ್ಯಾಂಡ್ ಗಾರೆಗೆ ಹೊಂದದು, ಪ್ಲಾಸ್ಟರಿಂಗಿಗೆಂದೇ ತೊಳೆದು ಸೋಸಿದ್ದು ಬೇಕು.

ಅಳತೆ, ನೀರು, ಕಲಸುವುದು

ಸಲಿಕೆ ಅಳತೆಯಲ್ಲ. ಸಿಮೆಂಟ್ ಸಲಿಕೆಯಿಂದ ಜಾರುತ್ತದೆ, ತೇವದ ಮರಳು ಗುಡ್ಡೆಯಾಗಿ ನಿಲ್ಲುತ್ತದೆ. ಎರಡನ್ನೂ ಐದೈದು ಸಲಿಕೆ ಎಂದು ಎಣಿಸಿದರೆ ಪ್ರಮಾಣ ಏನೇನೋ ಆಗುತ್ತದೆ. 50 ಕಿಲೋ ಸಿಮೆಂಟ್ ಚೀಲ ಸುಮಾರು 35 ಲೀಟರ್. ಒಳ ಅಳತೆ 40 ಸೆಂ.ಮೀ. ಉದ್ದ, 35 ಸೆಂ.ಮೀ. ಅಗಲ, 25 ಸೆಂ.ಮೀ. ಎತ್ತರದ ಮರದ ಪೆಟ್ಟಿಗೆ ಮಾಡಿಸಿಕೊಂಡರೆ ಸರಿಯಾಗಿ ಒಂದು ಚೀಲದ ಗಾತ್ರ. ತುಂಬಿ, ಮೇಲೆ ಮಟ್ಟಗೋಲು ಎಳೆದು, ಸುರಿಯಿರಿ.

ಪ್ರಮಾಣ ಗೋಡೆಯನ್ನು ನೋಡಿ ಆರಿಸಬೇಕು. ಮೇಲಿನ ಪದರ ಕೆಳಗಿನದಕ್ಕಿಂತ ಬಲವಾಗಿರಬಾರದು, ಕೆಳಗಿನ ಪದರ ಗೋಡೆಗಿಂತ ಬಲವಾಗಿರಬಾರದು. ಗಟ್ಟಿ ಸುಟ್ಟಿಟ್ಟಿಗೆ ಅಥವಾ ಕಾಂಕ್ರೀಟ್ ಬ್ಲಾಕಿನ ಗೋಡೆಗೆ ಮೊದಲ ಪದರ 1:4 ಅಥವಾ 1:5, ಮೇಲಿನದು 1:5 ಅಥವಾ 1:6. ಸುಣ್ಣ ಸೇರಿಸುವುದಾದರೆ (ಹೊರಗೋಡೆಗೆ ಅದೇ ನಮ್ಮ ಆಯ್ಕೆ) ಮೊದಲ ಪದರಕ್ಕೆ ಒಂದು ಸಿಮೆಂಟ್, ಅರ್ಧ ಸುಣ್ಣ, ನಾಲ್ಕೂವರೆ ಮರಳು. ಮೇಲಿನದಕ್ಕೆ ಒಂದು ಸಿಮೆಂಟ್, ಒಂದು ಸುಣ್ಣ, ಆರು ಮರಳು. ಒಂದು ಚೀಲ ಸಿಮೆಂಟಿನ ಲೆಕ್ಕದಲ್ಲಿ ಈ ಎರಡನೆಯದು 35 ಲೀಟರ್ ಸುಣ್ಣದ ಪುಡಿ, 210 ಲೀಟರ್ ಒಣ ಮರಳು. ಸುಣ್ಣ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಗಾರೆಗೆ ಜಿಗುಟು ಕೊಡುತ್ತದೆ, ಗಟ್ಟಿಯಾದ ಮೇಲೂ ಸಣ್ಣ ಅಲುಗಾಟಕ್ಕೆ ಒಗ್ಗುತ್ತದೆ. ಹಗುರ ಬ್ಲಾಕ್, ಮೆತ್ತನೆಯ ಹಳೆಯ ಇಟ್ಟಿಗೆ ಇದ್ದರೆ ಮೊದಲ ಪದರವೇ 1:1:6 ಆಗಲಿ. ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಹಾಕಲೇಬಾರದು, ಒಳಗಿನ ತೇವ ಹೊರಬರಲಾಗದೆ ಗೋಡೆಯೇ ಕರಗುತ್ತದೆ.

ನೀರಿನ ವಿಷಯಕ್ಕೆ ಬಂದರೆ, ಮರಳಿನೊಳಗೆ ಆಗಲೇ ಇರುವ ನೀರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದು ಚೀಲದ 1:5 ಗಾರೆಗೆ ಒಣ ಮರಳಾದರೆ 30ರಿಂದ 40 ಲೀಟರ್ ನೀರು ಬೇಕು. ಅದರ 175 ಲೀಟರ್ ಮರಳು ಸುಮಾರು 270 ಕಿಲೋ ತೂಗುತ್ತದೆ. 5 ಶೇಕಡ ತೇವವಿದ್ದರೆ 13 ಲೀಟರಿಗೂ ಹೆಚ್ಚು ನೀರು ಮರಳಿನ ಜೊತೆಗೇ ಬಂತು. ನಿನ್ನೆ ಹಾಕಿದಷ್ಟೇ ನೀರು ಇವತ್ತೂ ಸುರಿದರೆ ಗಾರೆ ತೆಳ್ಳಗಾಗುವುದು ಇದರಿಂದ. ತೆಳ್ಳಗಾಯಿತೆಂದು ಒಣ ಸಿಮೆಂಟ್ ಉದುರಿಸಿದರೆ ಪ್ರಮಾಣವೂ ಕೆಟ್ಟಿತು.

ಯಂತ್ರದಲ್ಲಿ ಕಲಸುವಾಗ ಮೊದಲು ಮುಕ್ಕಾಲು ಪಾಲು ನೀರು, ಆಮೇಲೆ ಅರ್ಧ ಮರಳು, ಸಿಮೆಂಟ್, ಸುಣ್ಣ, ಉಳಿದ ಮರಳು, ಕೊನೆಗೆ ಹದ ನೋಡಿಕೊಂಡು ಉಳಿದ ನೀರು. ಎಲ್ಲ ಸೇರಿದ ಮೇಲೆ ಮೂರರಿಂದ ಐದು ನಿಮಿಷ ತಿರುಗಲಿ. ಒಂದು ನಿಮಿಷಕ್ಕೇ ಸುರಿದರೆ ಸಿಮೆಂಟಿನ ಗಂಟುಗಳು ಉಳಿಯುತ್ತವೆ. ಹದಿನೈದು ನಿಮಿಷ ತಿರುಗಿಸಿದರೆ ಗಾಳಿ ಸೇರಿ ಗಾರೆ ನೊರೆಯಂತಾಗುತ್ತದೆ. ಕೈಯಲ್ಲಿ ಕಲಸುವುದಾದರೆ ನೀರು ಹಾಕುವ ಮೊದಲು ಒಣದಾಗಿಯೇ ಮೂರು ಸಲ ತಿರುವಿ ಹಾಕಿ, ಬೂದು ಬಣ್ಣ ಎಲ್ಲೂ ಪಟ್ಟೆ ಇಲ್ಲದೆ ಒಂದೇ ಸಮನಾಗಬೇಕು. ನೆಲದ ಮೇಲೆ ನೇರವಾಗಿ ಕಲಸಬೇಡಿ. ತಗಡು ಅಥವಾ ಹಾಸು ಇರಲಿ.

ಹದ ನೋಡಲು ಕರಣೆಯ ಮೇಲೆ ಒಂದು ಗುಡ್ಡೆ ತೆಗೆದುಕೊಂಡು ಸ್ವಲ್ಪ ವಾಲಿಸಿ. ಜಾರಬಾರದು. ಗುಡ್ಡೆಯನ್ನು ಕರಣೆಗೆ ಒಮ್ಮೆ ಒತ್ತಿ ಬೋರಲು ಹಿಡಿದರೆ ಎರಡು ಮೂರು ಉಸಿರಿನಷ್ಟು ಹೊತ್ತು ಅಂಟಿಕೊಂಡಿರಬೇಕು. ಅಂಚಿನಲ್ಲಿ ನೀರು ಒಸರಿದರೆ ನೀರು ಹೆಚ್ಚು, ಅಥವಾ ಮರಳಿನಲ್ಲಿ ಸಣ್ಣ ಕಣಗಳ ಕೊರತೆ.

ಸಿಮೆಂಟ್ ಗಾರೆಯನ್ನು ಕಲಸಿದ ಒಂದು ಗಂಟೆಯೊಳಗೆ ಬಳಿದು ಮುಗಿಸಿ. ತಂಪು ಹೊತ್ತಿನಲ್ಲಿ ಒಂದೂವರೆ ಗಂಟೆ ಎಳೆಯಬಹುದು. ಅಷ್ಟರೊಳಗೆ ಗಾಳಿಗೆ ಬಿಗಿದರೆ ಸ್ವಲ್ಪ ನೀರು ಚಿಮುಕಿಸಿ ತಿರುವಬಹುದು, ಆದರೆ ಬಿಗಿತ ಸಿಮೆಂಟಿನದೇ ಆದಮೇಲೆ ನೀರು ಸುರಿದು ಮತ್ತೆ ಮೆತ್ತಗೆ ಮಾಡಿದ ಗಾರೆ ಸತ್ತ ಗಾರೆ, ಗೋಡೆಯ ಮೇಲೆ ಮರಳಾಗಿ ಉದುರುತ್ತದೆ. ಊಟದ ಬಿಡುವಿಗೆ ಮುಂಚೆ ದೊಡ್ಡ ಗುಡ್ಡೆ ಕಲಸಿಡುವುದನ್ನು ನಿಲ್ಲಿಸಿದರೆ ಈ ದೋಷದ ದೊಡ್ಡ ಪಾಲು ಅಲ್ಲೇ ನಿಲ್ಲುತ್ತದೆ.

ಜೇಡರ ಬಲೆಯಂಥ ಸಣ್ಣ ಬಿರುಕು

ಕೂದಲೆಳೆಯಷ್ಟು ತೆಳ್ಳಗೆ, ಗೋಡೆ ತುಂಬ ಬಲೆ ಹೆಣೆದಂತೆ. ಗೋಡೆ ಒದ್ದೆ ಮಾಡಿ ಒಣಗುತ್ತಿರುವಾಗ ಸ್ಪಷ್ಟವಾಗಿ ಕಾಣುತ್ತದೆ, ಬಿರುಕಿನೊಳಗೆ ನೀರು ಕೊನೆಗೆ ಆರುವುದರಿಂದ. ಇದು ಯಾವಾಗ ಬಂತು ಎಂಬುದೇ ಕಾರಣ ಹೇಳುತ್ತದೆ.

ಬಳಿದ ಕೆಲವೇ ಗಂಟೆಗಳಲ್ಲಿ ಬಂದರೆ ಗಾರೆ ಇನ್ನೂ ಮೆತ್ತಗಿರುವಾಗಲೇ ಬಿಸಿಲು, ಗಾಳಿ ನೀರನ್ನು ಎಳೆದಿವೆ, ಅಥವಾ ಒಣ ಗೋಡೆ ಹಿಂದಿನಿಂದ ಹೀರಿದೆ. ಮೇಲ್ಮೈ ಬಿಗಿಯುವ ಮೊದಲೇ ಕಂಡರೆ ಮರದ ಮಣೆಯಿಂದ ಗಟ್ಟಿಯಾಗಿ ಉಜ್ಜಿ ಮುಚ್ಚಬಹುದು. ಮರುದಿನದಿಂದ ವಾರದೊಳಗೆ ಬಂದರೆ ನೀರುಣಿಸುವುದು ತಪ್ಪಿದೆ. ವಾರಗಳ ಮೇಲೆ ನಿಧಾನವಾಗಿ ಬಂದು ಅಗಲವಾದರೆ ಗಾರೆಯಲ್ಲಿ ಸಿಮೆಂಟ್ ಹೆಚ್ಚು, ಮರಳು ಸಣ್ಣದು, ನೀರು ಹೆಚ್ಚು. ಸಾಮಾನ್ಯವಾಗಿ ಮೂರೂ ಒಟ್ಟಿಗೆ. ಮೇಲ್ಮೈಯ ಒಂದು ಮಿ.ಮೀ. ಆಳಕ್ಕೆ ಮಾತ್ರ ಬಿರುಕಿದ್ದರೆ ಉಕ್ಕಿನ ಕರಣೆಯಿಂದ ಅತಿಯಾಗಿ ಉಜ್ಜಿದ್ದಾರೆ, ಅಥವಾ ನುಣುಪಿಗೆಂದು ಒಣ ಸಿಮೆಂಟ್ ಎರಚಿದ್ದಾರೆ. ಉಜ್ಜಿದಷ್ಟೂ ಸಿಮೆಂಟೂ ನೀರೂ ಮೇಲಕ್ಕೆ ಬಂದು ಅಲ್ಲಿ ಬಲವಾದ, ಹೆಚ್ಚು ಕುಗ್ಗುವ ಪೊರೆ ಕಟ್ಟುತ್ತದೆ. ಹೊರಗೋಡೆಗೆ ಮರದ ಮಣೆಯ ಒರಟು ಮೈಯೇ ಸರಿ. ಒಣ ಸಿಮೆಂಟ್ ಎರಚುವ ಅಭ್ಯಾಸವನ್ನು ಪೂರ್ತಿ ಬಿಡಬೇಕು.

ಗಾರೆ ಟೊಳ್ಳಾಗಿಲ್ಲದಿದ್ದರೆ ಈ ಬಿರುಕು ಕೀಳಿಸಬೇಕಾದ್ದಲ್ಲ. 0.3 ಮಿ.ಮೀ.ಗಿಂತ ಸಣ್ಣದನ್ನು ಒದ್ದೆ ಮಾಡಿ ತೆಳು ಸುಣ್ಣ-ಸಿಮೆಂಟ್ ತಿಳಿಯನ್ನು ಕುಂಚದಿಂದ ಉಜ್ಜಿ ತುಂಬಿ, ಮೇಲೆ ಉಸಿರಾಡುವ ಬಣ್ಣ ಹೊಡೆದರೆ ಸಾಕು.

ಗೆರೆ ಎಳೆದಂಥ ಬಿರುಕು

ಬಿರುಕು ನೇರವಾಗಿ, ಕಾಂಕ್ರೀಟ್ ತೊಲೆಯೂ ಇಟ್ಟಿಗೆಯೂ ಸೇರುವ ಕಡೆ ಉದ್ದಕ್ಕೂ ಬಂದರೆ ಗಾರೆಯನ್ನು ದೂರಬೇಡಿ. ಎರಡು ವಸ್ತುಗಳು ಬಿಸಿಲಿಗೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ. ಬಿರುಕಿನ ಎರಡೂ ಕಡೆ 150 ಮಿ.ಮೀ. ಅಗಲಕ್ಕೆ ಗಾರೆ ತೆಗೆದು, ಸತು ಲೇಪಿಸಿದ ಜಾಲರಿಯನ್ನು ಗೋಡೆಗೆ ಅಂಟಿಕೊಳ್ಳದಂತೆ ಕೆಲವು ಮಿ.ಮೀ. ಎತ್ತರಿಸಿ ಮೊಳೆ ಹೊಡೆದು, ಮತ್ತೆ ಬಳಿಯಿರಿ. ಜಾಲರಿ ಗೋಡೆಗೆ ಚಪ್ಪಟೆಯಾಗಿ ಒತ್ತಿಕೊಂಡಿದ್ದರೆ ಗಾರೆ ಅದರ ಹಿಂದೆ ಹೋಗದು, ಇದ್ದೂ ಪ್ರಯೋಜನವಿಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕಿಗೂ ಮೂಲೆಗೆ ಅಡ್ಡಲಾಗಿ ಜಾಲರಿಯ ತುಂಡು ಹಾಕಬೇಕು.

ಬಿರುಕು 2 ಮಿ.ಮೀ. ಮೀರಿದ್ದರೆ, ಅದರ ಎರಡು ಅಂಚು ಒಂದೇ ಮಟ್ಟದಲ್ಲಿಲ್ಲದಿದ್ದರೆ, ಅಥವಾ ಗೋಡೆಯ ಒಳಬದಿಯಲ್ಲೂ ಅದೇ ಜಾಗದಲ್ಲಿ ಕಂಡರೆ ಅಲುಗಿರುವುದು ಗೋಡೆಯೇ. ಬಿರುಕಿನ ತುದಿಗಳಿಗೆ ಪೆನ್ಸಿಲ್ ಗುರುತು ಹಾಕಿ ದಿನಾಂಕ ಬರೆದು ಕೆಲವು ತಿಂಗಳು ಗಮನಿಸಿ, ಎಂಜಿನಿಯರ್ ಒಬ್ಬರಿಗೆ ತೋರಿಸಿ. ಅದಕ್ಕೂ ಮೊದಲು ಗಾರೆ ಮೆತ್ತಿ ಮುಚ್ಚುವುದು ಅಪಾಯ.

ಟೊಳ್ಳು ಮತ್ತು ಕಳಚುವಿಕೆ

ಗೋಡೆಗೆ ನೀರು ಚಿಮುಕಿಸಿ ನೋಡಿ. ಕೆಲವೇ ಸೆಕೆಂಡಿನಲ್ಲಿ ಹೀರಿ ಮಾಯವಾದರೆ ಹೀರಿಕೆ ಹೆಚ್ಚು: ಹಿಂದಿನ ಸಂಜೆ ಚೆನ್ನಾಗಿ ತೋಯಿಸಿ, ಬಳಿಯುವ ಮುಂಚೆ ಮತ್ತೊಮ್ಮೆ ಚಿಮುಕಿಸಿ, ಮೇಲ್ಮೈಯಲ್ಲಿ ನೀರಿನ ಹೊಳಪು ಆರಿದ ಮೇಲೆ ಬಳಿಯಿರಿ. ಹೊಳಪು ಇರುವಾಗಲೇ ಬಳಿದರೆ ನಡುವೆ ನೀರಿನ ಪೊರೆ ನಿಂತು ಗಾರೆ ಜಾರುತ್ತದೆ. ಹನಿ ಹೀರದೆ ಕೆಳಗೆ ಹರಿದರೆ, ನುಣುಪು ಕಾಂಕ್ರೀಟಿನಲ್ಲಿ ಆಗುವುದು ಇದೇ, ಉಳಿಯಿಂದ ಹತ್ತಿರ ಹತ್ತಿರ ಕಚ್ಚು ಹೊಡೆದು, ಅಚ್ಚಿನ ಹಲಗೆಗೆ ಬಳಿದಿದ್ದ ಎಣ್ಣೆ ಉಳಿದಿದ್ದರೆ ತಂತಿ ಬ್ರಷ್‌ನಿಂದ ತೊಳೆದು, ಎರಚು ಪದರ ಹಾಕಿ. ಒಂದು ಪಾಲು ಸಿಮೆಂಟಿಗೆ ಎರಡು ಪಾಲು ದಪ್ಪ ಮರಳು, ಹರಿಯುವಷ್ಟು ತೆಳ್ಳಗೆ ಕಲಸಿ, ಕರಣೆಯಿಂದ ಬೀಸಿ ಎರಚಬೇಕು. ದಪ್ಪ 3ರಿಂದ 5 ಮಿ.ಮೀ. ಅದನ್ನು ಉಜ್ಜಿ ಸಮ ಮಾಡಬೇಡಿ, ಆ ಮುಳ್ಳುಮುಳ್ಳು ಮೈಯೇ ಬೇಕಾದದ್ದು. ಎರಡು ದಿನ ಒದ್ದೆಯಾಗಿಡಿ, ಆಮೇಲೆ ಮೊದಲ ಪದರ. ಬಲದ ನಿಯಮಕ್ಕೆ ಈ ಪದರ ಹೊರತು, ತೆಳುವಾಗಿ ತುಂಡುತುಂಡಾಗಿ ಹಿಡಿದಿರುವುದರಿಂದ ಕುಗ್ಗಿ ಎಳೆಯುವ ಶಕ್ತಿ ಅದಕ್ಕಿಲ್ಲ.

ಒಂದೇ ಏಟಿಗೆ 15 ಮಿ.ಮೀ.ಗಿಂತ ದಪ್ಪ ಬಳಿದರೆ ಭಾರಕ್ಕೆ ಹೊಟ್ಟೆ ಬಿಟ್ಟು ಜೋಲುತ್ತದೆ. ಆಗ ಕಣ್ಣಿಗೆ ಕಾಣದ ಅಡ್ಡ ಸೀಳು ಒಳಗೆ ಬಿದ್ದು, ಮುಂದೆ ಟೊಳ್ಳಾಗುತ್ತದೆ. ಗೋಡೆ ಓರೆ ಇದ್ದು ಹೆಚ್ಚು ದಪ್ಪ ಬೇಕಾದರೆ ತಗ್ಗನ್ನು ಹಿಂದಿನ ದಿನವೇ ತುಂಬಿ, ಗೀರು ಹಾಕಿಡಿ. ಮೊದಲ ಪದರದ ಗೀರು ಅಡ್ಡಲಾಗಿ, ಅಲೆಅಲೆಯಾಗಿ, ಮೂರ್ನಾಲ್ಕು ಮಿ.ಮೀ. ಆಳವಿರಲಿ, ಪದರದ ಪೂರ್ತಿ ದಪ್ಪಕ್ಕೆ ಕೊರೆಯಬೇಡಿ. ಅದನ್ನು ಎರಡು ಮೂರು ದಿನ ಒದ್ದೆಯಾಗಿಟ್ಟು, ಆಮೇಲೆ ಒಣಗಿ ಕುಗ್ಗಲು ಬಿಟ್ಟು, ಸುಮಾರು ಏಳು ದಿನದ ಮೇಲೆ ಗುಡಿಸಿ, ತೋಯಿಸಿ, ಎರಡನೆಯ ಪದರ ಬಳಿಯಿರಿ.

ಟೊಳ್ಳು ಜಾಗ ಅಂಗೈಗಿಂತ ಚಿಕ್ಕದಾಗಿ, ಬಿರುಕಿಲ್ಲದೆ ಇದ್ದರೆ ಬಿಟ್ಟುಬಿಡಬಹುದು. ದೊಡ್ಡದಾದರೆ ಗಟ್ಟಿ ಗಾರೆ ಸಿಗುವ ತನಕ ಚೌಕವಾಗಿ ಕತ್ತರಿಸಿ, ಅಂಚನ್ನು ಒಳಮುಖವಾಗಿ ಓರೆ ಮಾಡಿ, ತೇಪೆ ಹಾಕಿ. ಅಂಚಿನಲ್ಲಿ ತೆಳ್ಳಗೆ ಎಳೆದು ಮುಗಿಸಿದ ತೇಪೆ ಸಿಪ್ಪೆ ಏಳುತ್ತದೆ.

ಪುಡಿ ಉದುರುವುದು

ಕೈ ಸವರಿದರೆ ಮರಳು ಬರುತ್ತದೆ. ಕಿತ್ತ ತುಂಡು ಇಡೀ ದಪ್ಪಕ್ಕೂ ದುರ್ಬಲವಾಗಿದ್ದರೆ ಸಿಮೆಂಟ್ ಕಡಿಮೆ, ಹೂಳು ಹೆಚ್ಚು, ಸತ್ತ ಗಾರೆ, ಇಲ್ಲವೇ ಹಳೆಯ ಸಿಮೆಂಟ್. ಸಿಮೆಂಟ್ ಮೂರು ತಿಂಗಳು ದಾಟಿದ್ದರೆ ಪರೀಕ್ಷಿಸದೆ ಬಳಸಬೇಡಿ. ಬೆರಳಲ್ಲಿ ಹಿಸುಕಿದರೆ ಒಡೆಯದ ಗಂಟುಗಳಿದ್ದರೆ ಗಾರೆಗೆ ಬೇಡ. ಮೇಲ್ಮೈ ಮಾತ್ರ ಉದುರಿದರೆ ನೀರುಣಿಸಿಲ್ಲ, ಅಥವಾ ಬಳಿದ ರಾತ್ರಿ ಮಳೆ ತೊಳೆದಿದೆ, ಇಲ್ಲವೇ ಹಿಮ ಬಿದ್ದು ಹೆಪ್ಪುಗಟ್ಟಿದೆ. 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೊರಗಿನ ಗಾರೆ ಕೆಲಸ ಬೇಡ.

ಗಾರೆ ಹಾಯಾಗಿ ಹರಡಲೆಂದು ಪಾತ್ರೆ ತೊಳೆಯುವ ಸೋಪು ಬೆರೆಸುವವರಿದ್ದಾರೆ. ಅದರಿಂದ ಎಷ್ಟು ಗಾಳಿಗುಳ್ಳೆ ಸೇರುತ್ತದೆ ಎಂಬುದಕ್ಕೆ ಲಗಾಮಿಲ್ಲ, ಜೊತೆಗೆ ಲವಣಗಳೂ ಸೇರುತ್ತವೆ. ತುಂಡಿನ ಮುರಿದ ಮೈಯಲ್ಲಿ ಗುಂಡಗಿನ ಸಣ್ಣ ರಂಧ್ರಗಳು ಒತ್ತಾಗಿ ಕಂಡರೆ ಇದನ್ನು ವಿಚಾರಿಸಿ. ಹಾಯಾಗಿ ಹರಡಬೇಕಾದರೆ ಸುಣ್ಣ ಇದೆ.

ಬರಿ ಮೇಲ್ಮೈ ಪುಡಿಗೆ ಸುಮಾರು ಒಂದು ವಾರ ದಿನಕ್ಕೆರಡು ಸಲ ನೀರು ಚಿಮುಕಿಸಿದರೆ, ಗಾರೆ ಎಳೆಯದಾಗಿದ್ದಲ್ಲಿ, ಒಂದಿಷ್ಟು ಚೇತರಿಸಿಕೊಳ್ಳುತ್ತದೆ. ಇಡೀ ದಪ್ಪ ದುರ್ಬಲವಾದದ್ದನ್ನು ಯಾವ ಬಣ್ಣವೂ ಉಳಿಸದು, ಕೀಳಲೇಬೇಕು.

ಬಿಳಿ ಕಲೆ, ಗುಂಡಿ, ಊತ

ಬಿಳಿ ಹುಡಿಗೆ ನೀರು ಹಚ್ಚಿ. ಕರಗಿ ಮಾಯವಾಗಿ, ಒಣಗಿದ ಮೇಲೆ ಮತ್ತೆ ಕಂಡರೆ ಅದು ಮರಳು, ನೀರು ಅಥವಾ ಇಟ್ಟಿಗೆಯೊಳಗಿನ ಲವಣ. ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ, ತೊಳೆದರೆ ಒಳಕ್ಕೇ ಹೋಗುತ್ತದೆ. ಮುಖ್ಯ ಕೆಲಸ ಗೋಡೆಗೆ ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದು: ತಾರಸಿಯ ಅಂಚು, ಸೋರುವ ಕೊಳವೆ, ನೆಲಕ್ಕೆ ತಾಗಿದ ಗಾರೆಯ ತುದಿ. ನೀರಿಗೆ ಕರಗದೆ, ವಿನೆಗರ್ ಹನಿಗೆ ನೊರೆ ಎದ್ದರೆ ಅದು ಸುಣ್ಣ ಹರಿದು ಗಾಳಿಗೆ ಗಟ್ಟಿಯಾದದ್ದು. ಬಿರುಕಿನ ಬಾಯಲ್ಲಿ ಇಂಥ ಗೆರೆ ಕಂಡರೆ ಆ ಬಿರುಕಿನ ಮೂಲಕ ನೀರು ಓಡಾಡುತ್ತಿದೆ.

ತಿಂಗಳುಗಳ ಮೇಲೆ ಗಾರೆಯಿಂದ ಶಂಕುವಿನಾಕಾರದ ಚೂರು ಸಿಡಿದು ಗುಂಡಿ ಬಿದ್ದು, ಗುಂಡಿಯ ತಳದಲ್ಲಿ ಬಿಳಿ ಚುಕ್ಕೆ ಕಂಡರೆ ಅರಳದೆ ಉಳಿದ ಸುಣ್ಣದ ಹರಳು. ಗೋಡೆಯಲ್ಲಿ ಕೂತು ತಡವಾಗಿ ನೀರು ಕುಡಿದು ಹಿಗ್ಗಿದೆ. ಮನೆಯಲ್ಲೇ ಅರಳಿಸಿದ ಸುಣ್ಣವಾದರೆ ಸಣ್ಣ ಜರಡಿಯಲ್ಲಿ ಸೋಸಿ, ನೀರಿನಡಿ ಕೆಲವು ವಾರ ಇಟ್ಟು ಬಳಸಿ. ಚೀಲದ ಪುಡಿ ಸುಣ್ಣವನ್ನು ಹಿಂದಿನ ದಿನವೇ ನೆನೆಸಿಟ್ಟರೆ ಜಿಗುಟೂ ಹೆಚ್ಚುತ್ತದೆ.

ಗಾರೆ ಉಬ್ಬಿ, ಹಿಂದೆ ಮೆತ್ತಗೆ ಒದ್ದೆಯಾಗಿದ್ದರೆ ಜಿಪ್ಸಂ ಹುಡುಕಿ. ವಿದ್ಯುತ್ ಪೈಪು ಕೂರಿಸಲೋ ದಪ್ಪದ ಗುರುತಿಗೋ ಜಿಪ್ಸಂನಿಂದಲೇ ಆದ ಪ್ಲಾಸ್ಟರ್ ಆಫ್ ಪ್ಯಾರಿಸ್ ಬಳಸಿ ಅದರ ಮೇಲೆ ಸಿಮೆಂಟ್ ಗಾರೆ ಹಾಕಿದ್ದರೆ, ತೇವ ತಾಗಿದಾಗ ಎರಡೂ ಸೇರಿ ಎಟ್ರಿಂಗೈಟ್ ಎಂಬ ಹರಳು ಬೆಳೆದು ಗಾರೆಯನ್ನು ನೂಕುತ್ತದೆ. ಹೊರಗೋಡೆಯಲ್ಲಿ ಜಿಪ್ಸಂ ಎಲ್ಲೂ ಇರಬಾರದು.

ನೀರುಣಿಸುವುದು, ಮತ್ತು ಮಾದರಿ ಪಟ್ಟಿ

ಎರಡನೆಯ ಪದರ ಬಳಿದ ಮರುದಿನದಿಂದ ಏಳು ದಿನ ಗೋಡೆ ಒಣಗಲು ಬಿಡಬೇಡಿ. ಮೊದಲ ದಿನ ಹನಿಹನಿಯಾಗಿ ಮಂಜಿನಂತೆ, ಆಮೇಲೆ ಧಾರಾಳವಾಗಿ. ಬಿಸಿಲಿನ ಗೋಡೆಗೆ ಒದ್ದೆ ಗೋಣಿತಾಟು ಇಳಿಬಿಡಿ. ಒದ್ದೆ ಮಾಡಿ ಒಣಗಿಸಿ ಮತ್ತೆ ಒದ್ದೆ ಮಾಡುವುದು, ನೀರು ಹಾಕದಿರುವುದಕ್ಕಿಂತ ಸ್ವಲ್ಪವೇ ಮೇಲು. ಪ್ರತಿ ಸಲ ಗಾರೆ ಹಿಗ್ಗಿ ಕುಗ್ಗುತ್ತದೆ.

ಕಾರಣ ಇದೇ ಎಂದು ಅನಿಸಿದ ಮೇಲೂ ಇಡೀ ಗೋಡೆಗೆ ಕೈ ಹಾಕುವ ಮುಂಚೆ ಅದೇ ಗೋಡೆಯ ಮರೆಯಾದ ಭಾಗದಲ್ಲಿ ಒಂದು ಮೀಟರ್ ಚದರದ ಮೂರು ಪಟ್ಟಿ ಬಳಿಯಿರಿ. ಒಂದು ಈಗಿನ ಮಿಶ್ರಣದಲ್ಲಿ, ಒಂದು ತೊಳೆದ ಅಥವಾ ಬೇರೆ ಮರಳಿನಲ್ಲಿ, ಒಂದು ಸುಣ್ಣ ಸೇರಿಸಿ. ಒಂದು ಪಟ್ಟಿಗೆ ಒಂದೇ ಬದಲಾವಣೆ. ಮರಳನ್ನೂ ಪ್ರಮಾಣವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯದು. ಪಕ್ಕದಲ್ಲೇ ಪೆನ್ಸಿಲಿನಲ್ಲಿ ದಿನಾಂಕ, ಪ್ರಮಾಣ, ಮರಳಿನ ಉಬ್ಬು, ಹಾಕಿದ ನೀರಿನ ಲೀಟರು ಬರೆದಿಡಿ. ಏಳನೆಯ ದಿನ ತಟ್ಟಿ ನೋಡಿ, ಮೊಳೆ ಎಳೆಯಿರಿ, ಒದ್ದೆ ಮಾಡಿ ಬಿರುಕು ಹುಡುಕಿ. 28ನೆಯ ದಿನ ಮತ್ತೊಮ್ಮೆ.